ಬಿದ್ದ ಗೋಡೆ, ಸತ್ತವರ ಹೆಸರಿನ ಉತಾರ, ಬಾಕಿ ಸಾಲ: ಗಂಗಾವಳಿ ದಂಡೆಯ ಒಂದು ಮನೆಯ ಪ್ರಕರಣ

ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನಲ್ಲಿ ಗಂಗಾವಳಿ ಹೊಳೆ ಸಮುದ್ರ ಸೇರುವ ಮುಂಚಿನ ಉಪ್ಪುನೀರಿನ ದಂಡೆ. ಮಣ್ಣಿನ ಗೋಡೆ, ಹಂಚಿನ ಮಾಡು, 32 ಚದರ ಮೀಟರಿನ ಮನೆ. ಇರುವವರು ಮೂವರು: ಬುಟ್ಟಿ ಹೊತ್ತು ಮೀನು ಮಾರುವ ನಲವತ್ತೈದರ ಹೆಂಗಸು, ಎಪ್ಪತ್ತು ದಾಟಿದ ಅವರ ಅತ್ತೆ, ಕಾರವಾರದ ಬೈತಖೋಲದಲ್ಲಿ ಬೋಟಿಗೆ ಹೋಗುವ ಮಗ. ಗಂಡ ಕಾಯಿಲೆಯಿಂದ ತೀರಿಕೊಂಡು ಹದಿನಾಲ್ಕು ತಿಂಗಳು. ಜುಲೈ ಮಳೆಗೆ ಹೊಳೆ ಕಡೆಯ ಗೋಡೆ ಕುಸಿದು, ಅಡುಗೆಕೋಣೆಯ ಪಕಾಸು, ರೀಪು, ಹಂಚು ಎಲ್ಲ ಒಟ್ಟಿಗೆ ಕೆಳಗೆ ಬಂತು. ಅದೇ ತಿಂಗಳು ಪತ್ತಿನ ಸಹಕಾರಿ ಸಂಘವೊಂದರಿಂದ ನೋಟಿಸು: ಮನೆ ರಿಪೇರಿಗೆಂದು ಗಂಡ ತೆಗೆದಿದ್ದ 2 ಲಕ್ಷ ರೂಪಾಯಿ ಸಾಲದಲ್ಲಿ ಅಸಲು, ಬಡ್ಡಿ, ದಂಡಬಡ್ಡಿ ಸೇರಿ 1.61 ಲಕ್ಷ ಬಾಕಿ, ಕಟ್ಟದಿದ್ದರೆ ದಾವೆ.

ಇದು ಒಂದೇ ಕುಟುಂಬದ ಕಥೆಯಲ್ಲ. ಕರಾವಳಿಯ ಇಂಥ ಅರ್ಜಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನು ಒಂದು ಮನೆಗೆ ತಂದು ಜೋಡಿಸಿದ ಮಾದರಿ ಪ್ರಕರಣ. ಮನೆಯ ಅಳತೆ, ಸಾಲದ ಮೊತ್ತ ಮಾದರಿಯವು. ಕಾನೂನು ಮತ್ತು ಯೋಜನೆಯ ಅಂಕಿಗಳು ನಿಜವಾದವು.

ಅಮೆರಿಕದಲ್ಲಿ ಕೇಂದ್ರ ವಸತಿ ಇಲಾಖೆ ಅನುಮೋದಿಸಿದ ಸಲಹಾ ಸಂಸ್ಥೆಗಳ ಪಟ್ಟಿಯೇ ಇದೆ. ಸಾಲದ ಕಂತು ತಪ್ಪಿದವರು, ಮನೆ ಕಳೆದುಕೊಳ್ಳುವ ಭಯದಲ್ಲಿರುವವರು ಊರಿನ ಹತ್ತಿರದ ಸಂಸ್ಥೆ ಹುಡುಕಿ ಹೋಗುತ್ತಾರೆ. ನಮ್ಮಲ್ಲಿ ‘ವಸತಿ ಸಲಹೆ’ ಎಂಬ ಬೋರ್ಡು ಹಾಕಿದ ಕಚೇರಿ ಕಾರವಾರದಲ್ಲೂ ಇಲ್ಲ, ಶಿರಸಿಯಲ್ಲೂ ಇಲ್ಲ. ಕೆಲಸವೇನೋ ನಡೆಯುತ್ತದೆ, ಆದರೆ ಐದಾರು ಕಚೇರಿಗಳಲ್ಲಿ ಹಂಚಿಹೋಗಿದೆ: ಗ್ರಾಮ ಪಂಚಾಯತಿ, ನಾಡಕಚೇರಿ, ತಾಲ್ಲೂಕು ಕಾನೂನು ಸೇವಾ ಸಮಿತಿ, ಸಹಕಾರ ಸಂಘಗಳ ಸಹಾಯಕ ನಿಬಂಧಕರು, ಮೀನುಗಾರಿಕೆ ಇಲಾಖೆ, ಬ್ಯಾಂಕುಗಳ ಆರ್ಥಿಕ ಸಾಕ್ಷರತಾ ಕೇಂದ್ರ. ಈ ಮನೆಯವರು ಹೋದ ಯಾವ ಕಚೇರಿಯೂ ತಪ್ಪಲ್ಲ. ಹೋದ ಕ್ರಮ ತಪ್ಪು. ಮೊದಲು ‘ಯಾವ ಯೋಜನೆ’ ಎಂದು ಕೇಳಿದರು. ಕೇಳಬೇಕಿದ್ದದ್ದು ‘ಜಾಗ ಯಾರ ಹೆಸರಿನಲ್ಲಿದೆ’ ಎಂದು.

ಮೊದಲ ಮೂರು ದಿನ

ಗೋಡೆ ಬಿದ್ದ ಮರುದಿನವೇ ಮಗ ಮತ್ತು ನೆರೆಯವರು ಮಣ್ಣು ಬಾಚಿ ಹೊಳೆದಂಡೆಗೆ ಹಾಕಿದರು, ಒಡೆಯದ ಹಂಚು ಒಟ್ಟಿದರು, ಟಾರ್ಪಾಲು ಕಟ್ಟಿದರು. ಮಳೆಯಲ್ಲಿ ಯಾರಾದರೂ ಮಾಡುವುದು ಇದನ್ನೇ. ಆದರೆ ನಾಲ್ಕನೇ ದಿನ ಗ್ರಾಮ ಆಡಳಿತ ಅಧಿಕಾರಿ (ಊರಿನವರ ಬಾಯಲ್ಲಿ ಇನ್ನೂ ವಿಎ) ಮತ್ತು ಪಂಚಾಯತಿ ಎಂಜಿನಿಯರು ಬಂದಾಗ ಕಂಡದ್ದು ಚೊಕ್ಕಟವಾದ ಅಂಗಳ ಮತ್ತು ನಿಂತಿರುವ ಮೂರು ಗೋಡೆ. ವರದಿಯಲ್ಲಿ ‘ಭಾಗಶಃ ಹಾನಿ’ ಎಂದಾಯಿತು.

ಆ ಒಂದು ಪದದ ಬೆಲೆ ಹೀಗಿದೆ. 2022ರಿಂದ 2026ರವರೆಗಿನ ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿ ಪ್ರಕಾರ ಬಯಲು ಪ್ರದೇಶದಲ್ಲಿ ಪೂರ್ತಿ ಹಾನಿಯಾದ ಮನೆಗೆ 1.20 ಲಕ್ಷ ರೂಪಾಯಿ. ಶೇ. 15ಕ್ಕಿಂತ ಕಡಿಮೆಯಿಲ್ಲದ ಭಾಗಶಃ ಹಾನಿಗೆ ಪಕ್ಕಾ ಮನೆಯಾದರೆ 6,500, ಕಚ್ಚಾ ಮನೆಯಾದರೆ 4,000. ರಾಜ್ಯ ಸರಕಾರ ಕೆಲವು ವರ್ಷ ಇದರ ಮೇಲೆ ತನ್ನ ಹಣ ಸೇರಿಸಿ ಹೆಚ್ಚು ಕೊಟ್ಟಿದೆ, ಆದರೆ ಅದು ಆಯಾ ವರ್ಷದ ಆದೇಶದ ಮಾತು. ಹೋದ ಸಲ ಪಕ್ಕದೂರಿನವರಿಗೆ ಬಂದ ಮೊತ್ತವೇ ಈ ಸಲವೂ ಬರುತ್ತದೆಂದು ಲೆಕ್ಕ ಹಾಕಿ ಕೈಸಾಲ ತೆಗೆಯಬಾರದು.

ಮಣ್ಣು ಬಾಚುವ ಮೊದಲು ಫೋಟೊ ಬೇಕು. ನಾಲ್ಕು ಮೂಲೆಯಿಂದ ನಾಲ್ಕು, ಒಳಗಿನಿಂದ ಎರಡು, ಬಿದ್ದ ಗೋಡೆಯ ಉದ್ದಕ್ಕೆ ಟೇಪು ಹಿಡಿದು ಒಂದು, ಮನೆ ನಂಬರಿನ ಹಲಗೆ ಕಾಣುವಂತೆ ಒಂದು. ನಿಂತ ಗೋಡೆ ವಾಲಿದ್ದರೆ ತೂಗುಗುಂಡು ಇಳಿಬಿಟ್ಟು ಎಷ್ಟು ವಾಲಿದೆ ಎಂಬುದು ಕಾಣುವಂತೆ ತೆಗೆಯಬೇಕು. ಮಣ್ಣಿನ ಮನೆಯಲ್ಲಿ ಒಂದು ಕಡೆ ಕುಸಿದರೆ ಉಳಿದ ಗೋಡೆಗಳ ಬುಡವೂ ನೀರು ಕುಡಿದಿರುತ್ತದೆ. ಅವು ಬೀಳುವುದು ಮಳೆ ಬಿಟ್ಟು ಒಣಗುವಾಗ, ಅಂದರೆ ಸಮೀಕ್ಷೆ ಮುಗಿದ ಮೇಲೆ. ಆದ್ದರಿಂದ ‘ಉಳಿದ ಗೋಡೆ ವಾಸಕ್ಕೆ ಸುರಕ್ಷಿತವಲ್ಲ’ ಎಂಬ ಸಾಲು ಎಂಜಿನಿಯರ ವರದಿಯಲ್ಲಿ ಬರುವಂತೆ ಅಲ್ಲೇ ನಿಂತು ಕೇಳಿಕೊಳ್ಳಬೇಕು. ಪಂಚಾಯತಿಗೂ ವಿಎಗೂ ಕೊಟ್ಟ ಅರ್ಜಿಯ ನಕಲಿಗೆ ಸ್ವೀಕೃತಿಯ ಸೀಲು ಅದೇ ದಿನ ಬೀಳಬೇಕು. ಫೋನಿನಲ್ಲಿ ತಿಳಿಸಿದ್ದಕ್ಕೆ ದಾಖಲೆ ಇರುವುದಿಲ್ಲ.

ಮರುಸಮೀಕ್ಷೆಗೆ ತಹಶೀಲ್ದಾರರಿಗೆ ಅರ್ಜಿ ಹೋಯಿತು. ಫಲ ಸಿಗಲಿಲ್ಲ, ತೋರಿಸಲು ಏನೂ ಉಳಿದಿರಲಿಲ್ಲ. ಖಾತೆಗೆ ಬಂದದ್ದು 4,000. ಆದರೂ ಆ ಪರಿಹಾರ ಆದೇಶದ ನಕಲನ್ನು ಜೋಪಾನವಾಗಿ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಇಂಥ ಜಾಗದಲ್ಲಿ ಮನೆ ಇತ್ತು, ಅದು ಕಚ್ಚಾ ಮನೆ, ಅದರಲ್ಲಿ ಈ ಕುಟುಂಬವೇ ವಾಸವಿತ್ತು ಎಂಬ ಮೂರು ಸಂಗತಿಗಳನ್ನು ಕಂದಾಯ ಇಲಾಖೆ ತಾನೇ ಒಪ್ಪಿಕೊಂಡ ಕಾಗದ ಅದು. ಮುಂದೆ ಅದು ಕೆಲಸಕ್ಕೆ ಬಂತು.

ಜಾಗ ಯಾರದು

ಉತಾರ (ಪಹಣಿ) ತೆಗೆಸಿದಾಗ ಮೂರು ಗುಂಟೆ ತೆಂಗಿನ ಹಿತ್ತಲು ಇನ್ನೂ ಮಾವನ ಹೆಸರಿನಲ್ಲೇ ಇತ್ತು. ಮಾವ ತೀರಿ ಒಂಬತ್ತು ವರ್ಷ. ಗಂಡ ಬದುಕಿದ್ದಾಗ ವಾರಸಾ (ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಅಂದರೆ ಪೌತಿ ಖಾತೆ) ಮಾಡಿಸಲಿಲ್ಲ, ಈಗ ಅವರೂ ಇಲ್ಲ. ಹೀಗೆ ಎರಡು ತಲೆಮಾರು ಸತ್ತವರ ಹೆಸರಿನಲ್ಲಿ ಕುಳಿತ ಉತಾರಗಳು ಈ ಜಿಲ್ಲೆಯಲ್ಲಿ ಲೆಕ್ಕವಿಲ್ಲದಷ್ಟಿವೆ. ಪಂಚಾಯತಿ ಮನೆ ಮಂಜೂರು ಮಾಡಲು ಕೇಳುವ ಮೊದಲ ಕಾಗದವೇ ಇದು.

ಪೌತಿ ಖಾತೆಗೆ ಬೇಕಾದದ್ದು ಮಾವ ಮತ್ತು ಗಂಡ ಇಬ್ಬರ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ವಾರಸುದಾರರ ಆಧಾರ್. ವಂಶವೃಕ್ಷದಲ್ಲಿ ನಾದಿನಿಯ ಹೆಸರೂ ಬಂತು, ಮದುವೆಯಾಗಿ ಗೋವೆಯಲ್ಲಿದ್ದಾರೆ. ಊರಿನ ದಲ್ಲಾಳಿಯೊಬ್ಬ ಕೊಟ್ಟ ಸಲಹೆ: ‘ತಂಗಿ, ಅವಳ ಹೆಸರು ವಂಶವೃಕ್ಷದಲ್ಲಿ ಹಾಕಬೇಡ, ಮತ್ತೆ ಪಾಲು ಕೇಳ್ತಾಳೆ.’ ಇದಕ್ಕಿಂತ ಕೆಟ್ಟ ಸಲಹೆ ಇರಲಾರದು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗಳು ತಂದೆಯ ಮೊದಲ ದರ್ಜೆಯ ವಾರಸುದಾರಳು. ಹೆಸರು ಮುಚ್ಚಿಟ್ಟು ಮಾಡಿಸಿದ ಖಾತೆಯನ್ನು ಆಕೆ ಯಾವಾಗ ಬೇಕಾದರೂ ಪ್ರಶ್ನಿಸಬಹುದು. ಅರ್ಧ ಕಟ್ಟಿದ ಮನೆಗೆ ತಡೆಯಾಜ್ಞೆ ಬಂದರೆ ಕಂತೂ ನಿಲ್ಲುತ್ತದೆ.

ಇದರ ಎದುರು ತುದಿಯ ತಪ್ಪೂ ಅಷ್ಟೇ ಸಾಮಾನ್ಯ: ನಾದಿನಿಯನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುವುದು. ಪೌತಿಗೆ ಅದು ಬೇಕಾಗಿಯೇ ಇಲ್ಲ. ಅತ್ತೆ, ಸೊಸೆ, ಮೊಮ್ಮಗ, ನಾದಿನಿ ನಾಲ್ವರ ಹೆಸರಿನಲ್ಲೂ ಜಂಟಿಯಾಗಿ ಖಾತೆ ಆಗುತ್ತದೆ. ಯಾರ ಹಕ್ಕೂ ಹೋಗುವುದಿಲ್ಲ, ನೋಂದಣಿ ಖರ್ಚಿಲ್ಲ, ಯಾರೂ ಮುನಿಸಿಕೊಳ್ಳುವುದಿಲ್ಲ. ಮನೆ ಕಟ್ಟಲು ಬೇಕಾದದ್ದು ಇಷ್ಟೇ: ‘ಹಳೆ ಮನೆ ಇದ್ದ ಜಾಗದಲ್ಲೇ ನನ್ನ ಅತ್ತಿಗೆಯ ಹೆಸರಿನಲ್ಲಿ ಸರಕಾರಿ ನೆರವಿನ ಮನೆ ಕಟ್ಟಲು ಒಪ್ಪಿಗೆ ಇದೆ, ಜಾಗದ ಮೇಲಿನ ನನ್ನ ಹಕ್ಕು ಹಾಗೇ ಇರುತ್ತದೆ’ ಎಂಬ ಒಪ್ಪಿಗೆ ಪತ್ರ. ನಾದಿನಿ ಗಣೇಶ ಚೌತಿಗೆ ತವರಿಗೆ ಬಂದಾಗ ನೋಟರಿ ಮುಂದೆ ಸಹಿ ಮಾಡಿದರು.

ಇಲ್ಲಿ ಜಾಗ ಮಾಲ್ಕಿಯದು, ಅಂದರೆ ಸ್ವಂತದ್ದು, ಅದು ಅದೃಷ್ಟ. ಬಹುಪಾಲು ಅರಣ್ಯವೇ ಇರುವ ಜಿಲ್ಲೆಯಿದು, ಹಾಗಾಗಿ ‘ಜಾಗ ಯಾರದು’ ಎಂಬುದಕ್ಕೆ ಬೇರೆ ಉತ್ತರಗಳೂ ಬರುತ್ತವೆ, ಉತ್ತರದ ಜೊತೆ ಬಾಗಿಲೂ ಬದಲಾಗುತ್ತದೆ. ಸರಕಾರಿ ಕಂದಾಯ ಜಾಗದಲ್ಲಿ ಮನೆಯಿದ್ದರೆ ಭೂಕಂದಾಯ ಕಾಯ್ದೆಯ 94ಸಿ ಕಲಮಿನಲ್ಲಿ ತಹಶೀಲ್ದಾರರ ಬಳಿ ಸಕ್ರಮ. ಪಟ್ಟಣ ವ್ಯಾಪ್ತಿಯಲ್ಲಾದರೆ 94ಸಿಸಿ. ಅರಣ್ಯ ಜಾಗಕ್ಕೆ ಇವೆರಡೂ ನಡೆಯವು. ಅಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯೊಂದೇ ದಾರಿ: 2005ರ ಡಿಸೆಂಬರ್ 13ಕ್ಕೆ ಮುಂಚಿನ ಸ್ವಾಧೀನ, ಪರಿಶಿಷ್ಟ ಪಂಗಡದವರಲ್ಲದಿದ್ದರೆ ಅದರ ಹಿಂದಿನ ಮೂರು ತಲೆಮಾರು ಅಂದರೆ 75 ವರ್ಷದ ವಾಸಕ್ಕೆ ಪುರಾವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅರ್ಜಿಗಳು ಮುಗ್ಗರಿಸುವುದು ಈ 75ರ ಬಳಿ. ಅರ್ಜಿ ತಿರಸ್ಕಾರದ ಹಿಂಬರಹ ಬಂದ 60 ದಿನದೊಳಗೆ ಮೇಲಿನ ಸಮಿತಿಗೆ ಮೇಲ್ಮನವಿ ಹಾಕಬೇಕು. ಅದು ತೀರ್ಮಾನವಾಗುವ ಮೊದಲೇ ಮನೆ ಮಂಜೂರಾತಿಗೆ ಅರ್ಜಿ ಹಾಕಿ, ಅರಣ್ಯ ಇಲಾಖೆ ತಡೆದ ಮೇಲೆ ಪಂಚಾಯತಿಯನ್ನು ಬೈದು ಫಲವಿಲ್ಲ.

ಹೊಳೆಯಿಂದ 35 ಮೀಟರು

ಕರಾವಳಿ ನಿಯಂತ್ರಣ ವಲಯ ಸಮುದ್ರದ ದಂಡೆಗೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಉಬ್ಬರದ ಉಪ್ಪುನೀರು ಏರುವಷ್ಟು ದೂರ ಹೊಳೆಯ ಎರಡೂ ದಂಡೆಗೆ ಅದು ಅನ್ವಯಿಸುತ್ತದೆ. 2011ರ ಅಧಿಸೂಚನೆಯಲ್ಲಿ ಹೊಳೆಯಿಂದ 100 ಮೀಟರು ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. 2019ರದರಲ್ಲಿ 100ರ ಬದಲು 50. ಈ ಮನೆ 35 ಮೀಟರಿನಲ್ಲಿದೆ, ಯಾವ ಲೆಕ್ಕದಲ್ಲೂ ವಲಯದ ಒಳಗೇ.

ಹಾಗೆಂದು ಕಟ್ಟಲೇಬಾರದೆಂದಲ್ಲ. ಮೊದಲಿನಿಂದ ಇರುವ ಅಧಿಕೃತ ಮನೆಯನ್ನು ರಿಪೇರಿ ಮಾಡಲು, ಅದೇ ಜಾಗದಲ್ಲಿ ಮರುಕಟ್ಟಲು ಅವಕಾಶ ಇದೆ. ಷರತ್ತು: ಪಂಚಾಂಗದ (ಮನೆಯ ಅಡಿಗಟ್ಟಿನ) ವಿಸ್ತೀರ್ಣ ಹಳೆಯದಕ್ಕಿಂತ ಹೆಚ್ಚಾಗಬಾರದು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಅಡುಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರು ಬೇಕು. ಹಳೆಯದು 32, ಹೊಸದನ್ನು 28ಕ್ಕೆ ಹಾಕಿದರು. ಎರಡು ನಿಯಮಗಳ ನಡುವೆ ಸಿಕ್ಕ ಜಾಗ ಅಷ್ಟೇ. ಹೇಗೂ ಕಟ್ಟುತ್ತೇವಲ್ಲ, ಮಗನ ಮದುವೆಯಾದರೆ ಇರಲಿ ಎಂದು ಒಂದು ಕೋಣೆ ಮುಂದೆ ಚಾಚುವ ಆಸೆಯೇ ಇಂಥ ದಂಡೆಗಳಲ್ಲಿ ನೋಟಿಸು ತರುವುದು.

ಮನೆ ‘ಮೊದಲಿನಿಂದ ಇತ್ತು’ ಎನ್ನಲು ಪುರಾವೆ? ಕರಾವಳಿ ವಲಯದ ಮೊದಲ ಅಧಿಸೂಚನೆ 1991ರ ಫೆಬ್ರುವರಿ 19ರದು. ಅದಕ್ಕೂ ಹಿಂದಿನ ಮನೆಪಟ್ಟಿ (ಮನೆ ತೆರಿಗೆ) ರಸೀದಿ ಇದ್ದರೆ ಮಾತು ಬಹಳ ಸುಲಭ. ಅತ್ತೆಯ ಬಳಿ 1988ರದೊಂದು ಸಿಕ್ಕಿತು. ಸಿಗದವರು ಪಂಚಾಯತಿಯ ಹಳೆ ತೆರಿಗೆ ವಹಿಯ ದೃಢೀಕೃತ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು: ಅರ್ಜಿ ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ, ಉತ್ತರಕ್ಕೆ 30 ದಿನ. ರಸೀದಿಯೊಂದೇ ಮನೆಯನ್ನು ‘ಅಧಿಕೃತ’ ಮಾಡುವುದಿಲ್ಲ ನಿಜ. ಅದರ ಜೊತೆ ಮಾಲ್ಕಿ ಉತಾರ, ಪರಿಹಾರ ಆದೇಶ ಎರಡೂ ಇದ್ದದ್ದರಿಂದ ಕಡತ ನಿಂತಿತು. ವಿಚಾರಿಸಬೇಕಾದ ಕಚೇರಿ ಕಾರವಾರದಲ್ಲಿರುವ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರದು. ಹೊಳೆಯಿಂದ ದೂರ ಗುರುತಿಸಿದ ಕೈನಕ್ಷೆ, ಸರ್ವೆ ನಂಬರ್ ಜೊತೆಗಿರಲಿ. ಸರ್ವೆ ನಂಬರ್ ಇಲ್ಲದೆ ಹೋದರೆ ವಲಯದ ನಕ್ಷೆಯಲ್ಲಿ ಹುಡುಕುವುದು ಅವರಿಗೂ ಆಗದ ಕೆಲಸ.

ಸಾಲದ ನೋಟಿಸು

ನೋಟಿಸು ಕಂಡು ಮನೆಯವರು ಹೆದರಿದ್ದು ಮನೆ ಹರಾಜಾಗುತ್ತದೆಂದು. ಪತ್ರ ಬಿಡಿಸಿ ನೋಡಿದರೆ ಜಾಗ ಅಡವಿಗೆ ಬಿದ್ದೇ ಇರಲಿಲ್ಲ. ಉತಾರ ಮಾವನ ಹೆಸರಿನಲ್ಲಿದ್ದಾಗ ಬೀಳುವುದು ಹೇಗೆ? ಸಾಲ ಕೊಟ್ಟದ್ದು ಇಬ್ಬರ ಜಾಮೀನಿನ ಮೇಲೆ. ಇಬ್ಬರೂ ಗಂಡನ ಜೊತೆ ಬೋಟಿಗೆ ಹೋಗುತ್ತಿದ್ದವರು. ಹಾಗಾಗಿ ನಿಜವಾದ ಒತ್ತಡ ಇದ್ದದ್ದು ಅವರ ಮೇಲೆ, ಮೂರು ಮನೆಗಳ ನಡುವೆ ಮಾತು ನಿಂತದ್ದೂ ಅದಕ್ಕೇ. ತೀರಿಹೋದವನ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವನಿಂದ ಬಂದ ಆಸ್ತಿಯ ಮಿತಿಯಲ್ಲಿ ಮಾತ್ರ. ಮೀನು ಮಾರಿದ ಸ್ವಂತ ದುಡಿಮೆಗೆ ಅದು ತಾಗದು. ಜಾಮೀನುದಾರನಿಗೆ ಆ ಮಿತಿ ಇಲ್ಲ.

ಸಾಲ ಕೊಟ್ಟವರು ಯಾವ ಬಗೆಯವರು ಎಂದು ಮೊದಲು ನೋಡಬೇಕು. ಬ್ಯಾಂಕ್ ಅಥವಾ ದೊಡ್ಡ ಗೃಹಸಾಲ ಕಂಪನಿ ಜಾಗ ಅಡವಿಟ್ಟುಕೊಂಡಿದ್ದರೆ 2002ರ ಸರ್ಫೇಸಿ ಕಾಯ್ದೆ ಬರುತ್ತದೆ: ಕಂತು 90 ದಿನ ತಪ್ಪಿದರೆ ಸಾಲ ವಸೂಲಾಗದ ಪಟ್ಟಿಗೆ, ಆಮೇಲೆ 60 ದಿನದ ನೋಟಿಸು, ಅದಕ್ಕೆ ಆಕ್ಷೇಪಣೆ ಕೊಟ್ಟರೆ 15 ದಿನದಲ್ಲಿ ಅವರ ಉತ್ತರ, ಸ್ವಾಧೀನಕ್ಕೆ ಬಂದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸದು. ಬ್ಯಾಂಕಿನ ಮೇಲಿನ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಪತ್ತಿನ ಸಹಕಾರಿ ಸಂಘ ಇವೆರಡರ ಕೈಗೂ ಸಿಗುವುದಿಲ್ಲ. ಅದು 1959ರ ಸಹಕಾರ ಸಂಘಗಳ ಕಾಯ್ದೆಯಡಿ ಬರುತ್ತದೆ, 70ನೇ ಕಲಮಿನ ದಾವೆ ಸಹಕಾರ ಇಲಾಖೆಯ ಮುಂದೆ ನಡೆಯುತ್ತದೆ. ಹೆಸರಿನಲ್ಲಿ ‘ಸೌಹಾರ್ದ’ ಎಂದಿದ್ದರೆ ಕಾಯ್ದೆಯೂ ಬೇರೆ, 1997ರದು. ಬೋರ್ಡು ಓದದೆ ಓಂಬುಡ್ಸ್‌ಮನ್‌ಗೆ ಬರೆದು ತಿಂಗಳುಗಟ್ಟಲೆ ಕಾಯುವವರು ಬಹಳ.

ಇಲ್ಲಿ ಹಿಡಿದ ಬಾಗಿಲು ಅಂಕೋಲಾ ನ್ಯಾಯಾಲಯದ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿ. 1987ರ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟರು, ಅಂಗವಿಕಲರು, ವಿಪತ್ತಿಗೆ ಸಿಕ್ಕವರಿಗೂ ಹಾಗೇ. ಬಿಳಿ ಹಾಳೆಯ ಅರ್ಜಿ, ಆಧಾರ್, ನೋಟಿಸಿನ ನಕಲು ಸಾಕು. ಹೋಗಲಾಗದವರಿಗೆ 15100 ಸಹಾಯವಾಣಿ. ವಕೀಲರು ಮೊದಲು ತರಿಸಿದ್ದು ಸಾಲದ ಖಾತೆ ಉತಾರ: ಅಸಲು 1.18 ಲಕ್ಷ, ಉಳಿದದ್ದು ಬಡ್ಡಿ ಮತ್ತು ದಂಡಬಡ್ಡಿ. ಈ ಮೂರನ್ನು ಬೇರ್ಪಡಿಸದೆ ಮಾತುಕತೆಗೆ ಕೂರಬಾರದು.

ಅಷ್ಟರಲ್ಲಿ ಗಂಡನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದು ಸಾಲು ಕಂಡಿತು: ಅವರು ತೀರುವ ಹಿಂದಿನ ಮೇ ಕೊನೆಗೆ 436 ರೂಪಾಯಿ ಕಡಿತ. ಅದು ಜೀವನ ಜ್ಯೋತಿ ವಿಮೆಯ ವಾರ್ಷಿಕ ಕಂತು, ಸಾವಿಗೆ 2 ಲಕ್ಷ. (20 ರೂಪಾಯಿ ಕಡಿತವಿದ್ದರೆ ಸುರಕ್ಷಾ ವಿಮೆ, ಅದು ಅಪಘಾತಕ್ಕೆ ಮಾತ್ರ.) ಹದಿನಾಲ್ಕು ತಿಂಗಳು ಯಾರೂ ಕೇಳಿರಲಿಲ್ಲ. ಸಾವಾದ ಮನೆಯಲ್ಲಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ ಮೇ, ಜೂನ್ ತಿಂಗಳ ಸಾಲುಗಳನ್ನು ಓದುವುದು ಯಾವ ಯೋಜನೆಯ ಅರ್ಜಿಗಿಂತಲೂ ಮೊದಲಿನ ಕೆಲಸವಾಗಬೇಕು. ಕ್ಲೇಮು 30 ದಿನದೊಳಗೆ ಕೊಡುವುದು ಲೇಸೆಂದು ನಿಯಮದಲ್ಲಿದೆ. ತಡವಾಗಿದ್ದರೆ ಕಾರಣ ಬರೆದು ಕೊಡಬೇಕು, ತಡವಾಯಿತೆಂದು ಬಿಡಬಾರದು. ಇಲ್ಲಿ ನಾಮಿನಿ ಹೆಂಡತಿಯಲ್ಲ, ತಾಯಿ. ಮದುವೆಗೆ ಮುಂಚೆ ತೆರೆದ ಖಾತೆ. ಹಣ ಅತ್ತೆಯ ಖಾತೆಗೆ ಬಂತು. ಅತ್ತೆ ಸೊಸೆ ಚೆನ್ನಾಗಿದ್ದರು, ಸರಿಹೋಯಿತು.

ಕೈಯಲ್ಲಿ ಹಣ ಇಟ್ಟುಕೊಂಡು ಲೋಕ ಅದಾಲತಿಗೆ ಕುಳಿತದ್ದರಿಂದ ದಾವೆ ಹೂಡುವ ಮುಂಚಿನ ರಾಜಿಯಲ್ಲಿ ದಂಡಬಡ್ಡಿ ಬಿಟ್ಟು 1.34 ಲಕ್ಷಕ್ಕೆ ಮುಗಿಯಿತು. ಅದಾಲತಿನ ತೀರ್ಪಿಗೆ ಅಪೀಲು ಇಲ್ಲ, ಎರಡೂ ಕಡೆ. ಹಾಗಾಗಿ ಸಹಿಗೆ ಮೊದಲು ಜಾಮೀನುದಾರರ ಬಿಡುಗಡೆಯ ಸಾಲು ಅದರಲ್ಲೇ ಬರೆದಿದೆಯೇ ಎಂದು ನೋಡಿಕೊಂಡರು.

ಪಂಚಾಯತಿ, ಹೆಸರು, ಕಂತು

ಉತಾರ ಸರಿಯಾದ ಮೇಲೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮುಂದೆ ಮಾತು ಹಗುರಾಯಿತು. ಗ್ರಾಮೀಣ ಮನೆಗಳೆಲ್ಲ, ಕೇಂದ್ರದ ಆವಾಸ್ ಇರಲಿ, ರಾಜ್ಯದ ಬಸವ ವಸತಿ, ಅಂಬೇಡ್ಕರ್ ನಿವಾಸ್ ಇರಲಿ, ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಬರುತ್ತವೆ, ಆಯ್ಕೆ ಗ್ರಾಮಸಭೆಯಲ್ಲಿ. ಮೀನುಗಾರರಿಗೆ ಮತ್ಸ್ಯಾಶ್ರಯ ಬೇರೆ ಇದೆ, ಅದಕ್ಕೆ ಮೀನುಗಾರಿಕೆ ಇಲಾಖೆ. ಎರಡು ಕಡೆ ಹೆಸರಿದ್ದರೂ ಮನೆ ಒಂದೇ. ಆಧಾರ್ ಹೊಂದಿಸಿದಾಗ ಸಿಕ್ಕಿಬೀಳುತ್ತದೆ.

ಬೋಟು, ಬೈಕು ಇದ್ದವರಿಗೆ ಆವಾಸ್ ಮನೆ ಇಲ್ಲ ಎಂಬ ಮಾತು ಕರಾವಳಿಯಲ್ಲಿ ಇನ್ನೂ ಓಡಾಡುತ್ತಿದೆ. 2024ರಲ್ಲಿ ಯಂತ್ರದ ಮೀನುಗಾರಿಕೆ ದೋಣಿ, ದ್ವಿಚಕ್ರ ವಾಹನ, ಫ್ರಿಜ್ಜು, ಸ್ಥಿರ ದೂರವಾಣಿ ನಾಲ್ಕನ್ನೂ ಅನರ್ಹತೆಯ ಪಟ್ಟಿಯಿಂದ ತೆಗೆಯಲಾಗಿದೆ, ಕುಟುಂಬದ ಸದಸ್ಯರೊಬ್ಬರ ತಿಂಗಳ ಗಳಿಕೆಯ ಮಿತಿ 10,000ದಿಂದ 15,000ಕ್ಕೆ ಏರಿದೆ. ಹಳೆಯ ಕಾರಣಕ್ಕೆ ಹೆಸರು ಬಿಟ್ಟುಹೋದವರು ಮರಳಿ ಕೇಳಬೇಕು.

ಮಂಜೂರಾತಿ ಮಹಿಳೆಯ ಹೆಸರಿಗೆ. ಇಲ್ಲಿ ಅಡ್ಡಬಂದದ್ದು ಇಂಗ್ಲಿಷ್ ಸ್ಪೆಲ್ಲಿಂಗು. ಹರಿಕಂತ್ರ, ಹರಿಕಾಂತ, ಹರಿಕಂತ ಎಂದು ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆ ಮೂರರಲ್ಲಿ ಮೂರು ಬಗೆ. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ, ಆದ್ದರಿಂದ ಉಳಿದವನ್ನು ಆಧಾರಿಗೆ ಹೊಂದಿಸುವುದು ಜಾಣತನ. ಕಂತು ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ, ಅರ್ಜಿಯಲ್ಲಿ ಬರೆದ ಖಾತೆಗಲ್ಲ. ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಜೋಡಿಸಿದ್ದೀರೋ ಅಲ್ಲಿಗೆ. ಅದೇ ಬ್ಯಾಂಕಿನಲ್ಲಿ ಬಾಕಿ ಸಾಲವಿದ್ದರೆ ಮನೆಯ ಕಂತು ಸಾಲಕ್ಕೆ ಜಮಾ ಆಗಿ ಕೂತ ಉದಾಹರಣೆಗಳಿವೆ. ಬಾಕಿಯಿಲ್ಲದ ಖಾತೆಯೊಂದಕ್ಕೆ ಮೊದಲೇ ಜೋಡಣೆ ಬದಲಿಸಿಕೊಳ್ಳಬೇಕು.

ಆವಾಸ್ ಮೊತ್ತ 1.20 ಲಕ್ಷ, ಶೌಚಾಲಯಕ್ಕೆ ಬೇರೆ 12,000. ಚಿರೆಕಲ್ಲಿನ ಮನೆಗೆ ಇದು ಸಾಲದು ಎಂಬುದು ಎಲ್ಲರಿಗೂ ಗೊತ್ತು. ವಿಮೆಯ ಹಣದಲ್ಲಿ ಸಾಲ ತೀರಿ ಉಳಿದ 66,000 ಇಲ್ಲಿ ಸೇರಿತು, ಹಳೆ ಮಾಡಿನ ಹಂಚು, ಗಟ್ಟಿಯಿದ್ದ ಪಕಾಸು ಮರಳಿ ಬಳಕೆಯಾಯಿತು. ಅಡಿಪಾಯ, ಗೋಡೆ, ಮಾಡು, ಮುಕ್ತಾಯ ಎಂದು ಹಂತಹಂತವಾಗಿ ಜಿಪಿಎಸ್ ಫೋಟೊ ಆದ ಮೇಲೇ ಕಂತು ಬರುವುದು, ಅಂದರೆ ಪ್ರತಿ ಹಂತದ ಹಣ ಮೊದಲು ಕೈಯಿಂದ ಹಾಕಬೇಕು. ನಿಗದಿತ ಅವಧಿಯಲ್ಲಿ ಕೆಲಸ ಶುರುವಾಗದಿದ್ದರೆ ಮಂಜೂರಾತಿ ತಡೆಹಿಡಿಯುತ್ತಾರೆ. ಏಪ್ರಿಲ್ ಕೊನೆಗೆ ಆದೇಶ ಬಂದರೆ ಕರಾವಳಿಯಲ್ಲಿ ಇದು ಇಕ್ಕಟ್ಟು: ಮಳೆಗಾಲದಲ್ಲಿ ಚಿರೆಕಲ್ಲು ಸಿಗದು, ಮರಳಿನ ಗೋಳು ಕೇಳುವುದೇ ಬೇಡ. ಮೇ ತಿಂಗಳಲ್ಲೇ ಪಂಚಾಂಗ ಮುಗಿಸಿ ಫೋಟೊ ಮಾಡಿಸಿದರೆ ಕಡತ ಜೀವಂತ ಉಳಿಯುತ್ತದೆ, ಗೋಡೆಯನ್ನು ದೀಪಾವಳಿ ಕಳೆದ ಮೇಲೆ ಏರಿಸಬಹುದು. ಇವರು ಹಾಗೇ ಮಾಡಿದರು. ಫೋಟೊ ಹಳೆ ಪಂಚಾಂಗದ ಮೇಲೇ ನಿಂತು ತೆಗೆಯಬೇಕು. ಮೊದಲ ಫೋಟೊದ ಜಾಗಕ್ಕೂ ಮುಂದಿನದಕ್ಕೂ ಹೊಂದಿಕೆಯಾಗದಿದ್ದರೆ ಕಂತು ನಿಲ್ಲುತ್ತದೆ.

ಸರಕಾರದ ಹೊರಗಿನ ನೆರವನ್ನು ಇಂಥ ಕಂತುಗಳ ನಡುವಿನ ಬಿರುಕು ತುಂಬಲು ಕೇಳುವುದು ಸರಿ. ಸಂಜೀವಿನಿ ಒಕ್ಕೂಟದ ಸ್ವಸಹಾಯ ಸಂಘದಿಂದ ಎರಡು ತಿಂಗಳ ಕೈಗಡ ಬಂದದ್ದು ಗೋಡೆಯ ಹಂತಕ್ಕೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ವಾತ್ಸಲ್ಯ ಕಾರ್ಯಕ್ರಮದಲ್ಲಿ ಮನೆ ಕಟ್ಟಿಸಿಕೊಡುವುದು ಯಾರ ಆಸರೆಯೂ ಇಲ್ಲದ ವೃದ್ಧರಂಥವರಿಗೆ. ದುಡಿಯುವ ಮಗನಿರುವ ಮನೆ ಅಲ್ಲಿ ಕೇಳಿ ಕಾಯುವುದು ಸಮಯ ಹಾಳು. ದುಡ್ಡು ಕೊಟ್ಟರೆ ಪಟ್ಟಿಯಲ್ಲಿ ಮೇಲೆ ತರುತ್ತೇನೆ ಎನ್ನುವವರಿಗೆ ಕೊಡುವ ಮೊದಲು ವಸತಿ ನಿಗಮದ ಆಶ್ರಯ ಜಾಲತಾಣದಲ್ಲಿ ಫಲಾನುಭವಿ ಸಂಖ್ಯೆ ಹಾಕಿ ನೋಡಬಹುದು. ಕಡತ ಯಾವ ಹಂತದಲ್ಲಿದೆ ಎಂಬುದು ಅಲ್ಲಿ ಎಲ್ಲರಿಗೂ ಕಾಣುತ್ತದೆ. ಅಲ್ಲಿಯೂ ಕದಲದಿದ್ದರೆ ರಾಜ್ಯ ಸರಕಾರದ ಕುಂದುಕೊರತೆ ಸಹಾಯವಾಣಿ 1902ಕ್ಕೆ ದೂರು ದಾಖಲಿಸಿ ಅದರ ಸಂಖ್ಯೆ ಬರೆದಿಟ್ಟುಕೊಳ್ಳಬೇಕು.

ಈಗ ಮಾಡಿನ ಹಂತದ ಫೋಟೊ ಆಗಿದೆ, ಕೊನೆಯ ಕಂತು ಬಾಕಿ. ಸಂಘದಿಂದ ಬಾಕಿ ಇಲ್ಲದ ಪತ್ರ ಬಂದಿದೆ, ಅದರ ಒಂದೊಂದು ನಕಲು ಇಬ್ಬರು ಜಾಮೀನುದಾರರಿಗೂ ತಲುಪಿದೆ. ಅತ್ತೆಯ ಖಾತೆಗೆ ನಾಮಿನಿ ಇನ್ನೂ ತೀರಿಹೋದ ಮಗನೇ. ಅದನ್ನು ಬದಲಿಸುವ ಅರ್ಜಿ ಬ್ಯಾಂಕಿಗೆ ಕೊಡಬೇಕಿದೆ.